ಮಲ್ಕಾಜ್‌ಗಿರಿಯ ಕಂಪ್ಯೂಟರ್ ಅಣ್ಣಾರು

ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ಯಾರೋ ಪುಣ್ಯಾತ್ಮರು ಪುಟಪುಟವಾಗಿ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಹೋದ ತಿಂಗಳು ಅಣ್ಣಾರು ತೀರಿಕೊಂಡ ಸುದ್ದಿ ಬಂದ ಮೇಲೆ ನಾನು ಅವುಗಳನ್ನು ಫೋನಿನಲ್ಲಿ ಹುಡುಕಿ ತೆಗೆದೆ. ಅದೇ ಮುಖಪುಟಗಳು: ಬಾಹ್ಯಾಕಾಶದಲ್ಲಿ ತೇಲುವ ಕೀಲಿಮಣೆ, ಕೋಟು ತೊಟ್ಟು ಟಿವಿಯ ಮುಂದೆ ಕುಳಿತ ಅಪ್ಪ, ಹೆಗಲ ಮೇಲಿಂದ ಇಣುಕುವ ಮಕ್ಕಳು. ಒಳಗೆ ಸಾಲುಸಾಲಾಗಿ ಮಸುಕಾದ ಪ್ರೋಗ್ರಾಮುಗಳು. ಇಂಥ ಪುಟಗಳನ್ನು ನಾನು ಒಂದು ಕಾಲದಲ್ಲಿ ಗಟ್ಟಿಯಾಗಿ, ಕಾಮಾ ಕೋಲನ್ ಸಮೇತ, ಪುರಾಣ ಓದಿದ ಹಾಗೆ ಓದಿದ್ದೇನೆ. ಕೇಳಿಸಿಕೊಂಡು ಟೈಪು ಮಾಡುತ್ತಿದ್ದವರು ಅಣ್ಣಾರು.

ಒಡಹುಟ್ಟಿದವರೇನಲ್ಲ. ನನ್ನ ಗಂಡನೂ ಅವರೂ ರೈಲ್ವೆಯವರು, ಸಿಕಂದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಎದುರುಬದುರು ಮನೆ. ಅವರದು ವಾಡಿ ಕಡೆಯ ಊರು, ನಮ್ಮದು ಬೀದರ. ಬೀದಿಯಲ್ಲಿ ಉಳಿದವರೆಲ್ಲ ತೆಲುಗಿನವರು, ಉರ್ದುವಿನವರು. ಕನ್ನಡದ ಮನೆ ಎರಡೇ. ಹೀಗಾಗಿ ಅವರು ಅಣ್ಣಾರು, ಅವರ ಹೆಂಡತಿ ವೈನಿ, ನಾನು ತಂಗಿ ಎಂದು ತಾನಾಗಿಯೇ ಆಗಿಹೋಯಿತು. ನಾನಾಗ ಹಿಮಾಯತ್‌ನಗರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಅಣ್ಣಾರ ಡ್ಯೂಟಿ ಬೇಗಂಪೇಟೆ ಕಡೆ, ಸಿಗ್ನಲ್ ವಿಭಾಗದಲ್ಲಿ.

ಅವರು ಊಟಕ್ಕೆ ಕುಳಿತರೆ ತಾಟಿನ ಪಕ್ಕದಲ್ಲಿ ಪತ್ರಿಕೆ ತೆರೆದಿರಬೇಕು. ಭಾನುವಾರ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂಡುವವರಲ್ಲಿ ಒಬ್ಬ ಇವರಿಗಾಗಿಯೇ ಕಂಪ್ಯೂಟರ್ ಪತ್ರಿಕೆಗಳನ್ನು ಪಕ್ಕಕ್ಕೆ ತೆಗೆದಿಡುತ್ತಿದ್ದ. ದೂರದಿಂದ ನೋಡಿದೊಡನೆ "ಆಪ್ ಕಾ ಮಾಲ್ ಆಯಾ ಸಾಬ್" ಎಂದು ಕೂಗುತ್ತಿದ್ದ. ಎಲ್ಲವೂ ವಿದೇಶದವು, ಹಲವು ವರ್ಷ ಹಳೆಯವು. ಅಣ್ಣಾರು ಅವುಗಳನ್ನು ತಂದು ಬಿಸಿಲಿಗೆ ಹಾಕಿ, ಹುಳ ಕೊಡವಿ, ಆಮೇಲೆ ಓದುತ್ತಿದ್ದರು. ದುಬೈಯಿಂದ ವಾಪಸು ಬಂದವನೊಬ್ಬನಿಂದ ಪುಟ್ಟ ಕಂಪ್ಯೂಟರನ್ನೂ ಕೊಂಡಿದ್ದರು. ಕಂಪ್ಯೂಟರ್ ಎಂದರೆ ಬರೀ ಕೀಲಿಮಣೆ, ಮಕ್ಕಳು ಬರೆಯುವ ಪಾಟಿಯ ಗಾತ್ರದ್ದು. ಟಿವಿಗೆ ವೈರು ಜೋಡಿಸಬೇಕು. ಪ್ರೋಗ್ರಾಮು ಉಳಿಸಿಡಲು ಟೇಪ್ ರೆಕಾರ್ಡರು ಬೇಕು. ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಒಂದಕ್ಷರ ಬಿಡದೆ ಟೈಪು ಮಾಡಿದರೆ ಟಿವಿಯಲ್ಲಿ ಏನೋ ಆಗುತ್ತದೆ. ಒಂದು ಕಾಮಾ ತಪ್ಪಿದರೆ ಏನೂ ಆಗುವುದಿಲ್ಲ.

"ಮುಂಜಾನಿಂದ ಕುಟ್ಟಿ ಕುಟ್ಟಿ ಕಡೀಕ ಒಂದು ಚೆಂಡು ಪುಟಿಸಿದ್ರು ನೋಡು ನಿಮ್ಮಣ್ಣ" ಎಂದು ವೈನಿ ನಗುತ್ತಿದ್ದರು. "ಸಾರಿನ ಬದಲಿ ಬಿಸಿನೀರು ಹಾಕಿದ್ರೂ ಇವರಿಗೆ ಗೊತ್ತಾಗಂಗಿಲ್ಲವಾ. ಹೂಂ ಅಂತಾರ, ಉಣತಾರ."

ಅಣ್ಣಾರು ಅದಕ್ಕೂ "ಹೂಂ" ಎನ್ನುತ್ತಿದ್ದರು, ಪುಟ ತಿರುವುತ್ತ.

ವೈನಿಗೆ ಮಾತೇ ಊಟ. ತರಕಾರಿಯವಳೊಡನೆ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಹೊತ್ತು ಹೋದದ್ದು ತಿಳಿಯದಂತೆ ಮಾತಾಡುತ್ತಿದ್ದರು. ನಾನು ಆಫೀಸಿನಿಂದ ಬರುವುದನ್ನೇ ಕಾಯುತ್ತಿದ್ದು, ಚಪ್ಪಲಿ ಬಿಡುವ ಮೊದಲೇ ಶುರು. ಮಕ್ಕಳಿರಲಿಲ್ಲ. ಸೇಡಂನ ತವರುಮನೆಯ ಎಮ್ಮೆ, ಅಂಗಳ, ಅವ್ವ, ತಮ್ಮನ ಮಕ್ಕಳು, ಎಲ್ಲರನ್ನೂ ನಾನು ನೋಡದೆಯೇ ಬಲ್ಲೆ.

ಒಂದು ಬೇಸಿಗೆಯಲ್ಲಿ ವೈನಿಗೆ ಲಕ್ವಾ ಹೊಡೆಯಿತು. ದವಾಖಾನೆಯಿಂದ ಮನೆಗೆ ತಂದಾಗ ಕೈಕಾಲಾಡುವುದಿಲ್ಲ, ಮಾತಿಲ್ಲ. ಗಂಟಲಿಗೆ ಗಂಜಿ ಇಳಿಯುವುದೇ ಕಷ್ಟ. ಕಣ್ಣುರೆಪ್ಪೆಗಳು ತಮಗೆ ತೋಚಿದಂತೆ ಬಡಿಯುತ್ತಿದ್ದವು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಎಡಗೈ ಹೆಬ್ಬೆರಳು ಮಾತ್ರ ಆಗಾಗ ಅಲುಗುತ್ತಿತ್ತು. ಅದು ಬರೀ ನರದ ನಡುಕ ಎಂದರು ಕೆಲವರು. ತಿಳಿವಳಿಕೆ ಎಷ್ಟು ಉಳಿದಿದೆ ಹೇಳಲಾಗದು ಎಂದರು ಡಾಕ್ಟರು. ಆ ಒಂದು ಮಾತಿನಿಂದ ನೋಡಲು ಬಂದವರಿಗೆಲ್ಲ ಧೈರ್ಯ ಬಂದುಬಿಟ್ಟಿತು. ವೈನಿಯ ಮಂಚದ ಪಕ್ಕದಲ್ಲೇ ನಿಂತು, "ಹಿಂಗ ಇರೋದಕಿಂತ ದೇವರು ಲಗೂ ಕರಕೊಂಡ್ರ ಛಲೋ" ಎಂದು ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದರು. ನಾನು ವೈನಿಯ ಮುಖ ನೋಡುತ್ತಿದ್ದೆ. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣದೇ ಇದ್ದದ್ದೇ ಹೆದರಿಕೆ ಹುಟ್ಟಿಸುತ್ತಿತ್ತು.

ಹಗಲು ನೋಡಿಕೊಳ್ಳಲು ತೆಲುಗಿನ ಆಯಾ ಒಬ್ಬಳನ್ನು ಇಟ್ಟಿದ್ದರು. ಒಂದು ರಜೆಯ ದಿನ ಅವಳು ಬೇಳೆಗೆ ಕುಕ್ಕರು ಇಟ್ಟಿದ್ದಳು. ಅಣ್ಣಾರು ಮಂಚದ ಪಕ್ಕದಲ್ಲಿದ್ದರು, ನಾನು ಗಂಜಿ ಆರಿಸುತ್ತಿದ್ದೆ. ಸೀಟಿ ಕೂಗಿತು. ಹೆಬ್ಬೆರಳು ಹಾಸಿಗೆಯನ್ನು ಒತ್ತಿತು. ಮತ್ತೆ ಸೀಟಿ, ಮತ್ತೆ ಹೆಬ್ಬೆರಳು. ಅಣ್ಣಾರು ನನ್ನ ಕೈ ಹಿಡಿದು ತಡೆದರು. ಮುಂದಿನ ಸೀಟಿಗೆ ಇಬ್ಬರೂ ಕಾದೆವು. ಸೀಟಿ ಬಂತು, ಹೆಬ್ಬೆರಳು ಒತ್ತಿತು.

"ಎಣಸಾಕತ್ತಾಳ" ಎಂದರು ಅಣ್ಣಾರು. "ಅಕಿ ಒಳಗ ಅದಾಳ, ತಂಗಿ."

ಅದೇ ಸಂಜೆ ಪತ್ರಿಕೆಗಳ ಗುಡ್ಡವನ್ನೆಲ್ಲ ನೆಲಕ್ಕೆ ಇಳಿಸಿದರು. ಯಾವಾಗಲೋ ಓದಿದ್ದು ಅವರಿಗೆ ನೆನಪಿತ್ತು: ಬೇರೆ ದೇಶದ ಒಬ್ಬ ಅಪ್ಪ, ಮಾತು ಬಾರದ, ಕೈಯಾಡದ ಮಗನಿಗಾಗಿ ಬರೆದು ಪತ್ರಿಕೆಗೆ ಕಳಿಸಿದ ಪ್ರೋಗ್ರಾಮು. ಟಿವಿಯ ಮೇಲೆ ಅಕ್ಷರಗಳು ಸಾಲಾಗಿ ಇರುತ್ತವೆ. ಒಂದು ಬೆಳಕಿನ ಚೌಕ ಒಂದೊಂದರ ಮೇಲೂ ತಾನೇ ಸರಿಯುತ್ತ ಹೋಗುತ್ತದೆ. ಬೇಕಾದ ಅಕ್ಷರಕ್ಕೆ ಬಂದಾಗ ಒಂದು ಸ್ವಿಚ್ಚು ಒತ್ತಿದರೆ ಸಾಕು, ಅಕ್ಷರ ಕೆಳಗೆ ಇಳಿದು ಕೂಡುತ್ತದೆ. ಹೀಗೆ ಮಾತು ಕಟ್ಟಬಹುದು.

ನಾನು ಓದುವುದು, ಅವರು ಕುಟ್ಟುವುದು. "ನಿಧಾನ ಓದವ್ವಾ. ಅದು ಸೊನ್ನೆಯೋ, ಓ ಅಕ್ಷರವೋ? ಬರೋಬ್ಬರಿ ನೋಡು." ಅಚ್ಚು ಎಷ್ಟು ಮಸುಕಾಗಿತ್ತೆಂದರೆ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಎಲ್ಲ ಮುಗಿಸಿ ಓಡಿಸಿದರೆ ಚೌಕ ಮೊದಲ ಸಾಲಿನಲ್ಲೇ ನಿಂತುಬಿಡುತ್ತಿತ್ತು. ಪತ್ರಿಕೆಯಲ್ಲೇ ಎಲ್ಲೋ ತಪ್ಪಿದೆ, ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬಂದಿರುತ್ತದೆ ಎಂದು ಆಬಿಡ್ಸ್‌ನಲ್ಲಿ ಹುಡುಕಿಸಿದರು. ಸಿಗಲಿಲ್ಲ. ಕೊನೆಗೆ ಡ್ಯೂಟಿಯಿಂದ ಬಂದವರು ಅಂಗಿ ಕೂಡ ಬಿಚ್ಚದೆ ಟಿವಿಯ ಮುಂದೆ ಕುಳಿತು, ಒಂದೊಂದೇ ಸಾಲು ಬದಲಿಸಿ ಬದಲಿಸಿ, ತಪ್ಪನ್ನು ತಾವೇ ಹಿಡಿದರು. ಈ ನಡುವೆ ಕರೆಂಟು ಹೋದರೆ ಟೈಪು ಮಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು. ಫ್ಯಾನು ನಿಂತ ಸದ್ದಿಗೇ ಅವರ ಬೆನ್ನು ಸೆಟೆದುಕೊಳ್ಳುತ್ತಿತ್ತು.

ಇಷ್ಟಾದರೂ ಅದು ಇಂಗ್ಲಿಷು. ವೈನಿ ಕಲಿತದ್ದು ಸೇಡಂನ ಕನ್ನಡ ಶಾಲೆಯಲ್ಲಿ. ಆ ಯಂತ್ರದಲ್ಲಿ ನಮ್ಮದೇ ಅಕ್ಷರ ಮೂಡಿಸಬೇಕಾದರೆ ಚೌಕುಳಿ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದು, ಲೆಕ್ಕ ಹಾಕಿ ತುಂಬಬೇಕು. ಅಕ್ಷರ ಬರೆಯುವ ಕೆಲಸ ನನಗೆ ಬಂತು. ಅಷ್ಟು ಸಣ್ಣ ಚೌಕದಲ್ಲಿ 'ಈ' ಕೂಡಿಸುವುದೆಂದರೆ ಡಬ್ಬಿಯಲ್ಲಿ ಹಾವು ಸುತ್ತಿಟ್ಟಂತೆ. ಕಾಗುಣಿತಕ್ಕೂ ಒತ್ತಕ್ಷರಕ್ಕೂ ಜಾಗವಿರಲಿಲ್ಲ. ಹಾಗಾಗಿ 'ನೀರು' ಎನ್ನಲು ನ, ಈ, ರ, ಉ ಎಂದು ಬಿಡಿಸಿ ಆರಿಸಬೇಕಿತ್ತು. ಅಣ್ಣಾರು ಕಾಲ್‌ಬೆಲ್ಲಿನ ಸ್ವಿಚ್ಚೊಂದನ್ನು ವೈನಿಯ ಹೆಬ್ಬೆರಳಿನ ಕೆಳಗೆ ಕಟ್ಟಿದರು. ಉಳಿಸಿಟ್ಟ ಪ್ರೋಗ್ರಾಮನ್ನು ಯಂತ್ರಕ್ಕೆ ತುಂಬುವ ಟೇಪು ಕಿರುಚಿತು, ಟಿವಿಯಲ್ಲಿ ಪಟ್ಟೆಗಳು ಓಡಿದವು, ಅಕ್ಷರಗಳು ಮೂಡಿದವು.

ಮೊದಲ ಮಾತು ಏನಿರಬಹುದೆಂದು ನಾನು ಏನೇನೋ ಅಂದುಕೊಂಡಿದ್ದೆ. ಚೌಕ ಸರಿಯಿತು. ಪ. ಇ. ನ.

"ಪಿನ್ನು" ಎಂದರು ಅಣ್ಣಾರು. ಟಿವಿಯ ಹಿಂದೆ ಹೋಗಿ ಪ್ಲಗ್ಗಿನ ಪಿನ್ನು ಅಲ್ಲಾಡಿಸಿ ನೋಡಿದರು. "ಬರೋಬ್ಬರಿ ಐತಲ್ಲ."

ವೈನಿಯ ಹೆಬ್ಬೆರಳು ಸ್ವಿಚ್ಚನ್ನು ಒತ್ತುತ್ತಲೇ ಇತ್ತು. ನನಗೆ ಥಟ್ಟನೆ ಹೊಳೆಯಿತು. ಅವರ ತಲೆ ಎತ್ತಿ, ಕತ್ತಿನ ಕೆಳಗೆ ಕೈ ಹಾಕಿದೆ. ಎಣ್ಣೆ ಹಚ್ಚಿ ಜಡೆ ಕಟ್ಟುವಾಗ ಬಿದ್ದ ತಲೆಪಿನ್ನು ಹೆಗಲಿನ ಹಿಂದೆ ಚರ್ಮದಲ್ಲಿ ಹೂತುಹೋಗಿತ್ತು. ಸುತ್ತ ಕೀವಾಗಿತ್ತು. ಎಂದಿನಿಂದ ಹಾಗಿತ್ತೋ.

ಅಣ್ಣಾರು ಪಿನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ನಿಂತರು. ಆಮೇಲೆ ಹಿತ್ತಿಲಿಗೆ ಹೋಗಿ ನಳ ಬಿಟ್ಟರು. ಬಕೆಟ್ಟು ತುಂಬಿ ಹರಿದರೂ ನಳ ನಿಲ್ಲಿಸಲಿಲ್ಲ.

ವೈನಿಯ ತಮ್ಮ ಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಸೇಡಂನಲ್ಲಿ ತೊಗರಿ ವ್ಯಾಪಾರ, ದೊಡ್ಡ ಧ್ವನಿಯ ಮನುಷ್ಯ. ಅಕ್ಕನನ್ನು ಕರೆದೊಯ್ಯಲು ಜೀಪು ಮಾಡಿಕೊಂಡೇ ಬಂದಿದ್ದ, ಜೊತೆಗೆ ಹೆಂಡತಿ. ಅಂದು ಭಾನುವಾರ, ನಾನೂ ಅಲ್ಲೇ ಇದ್ದೆ.

"ಮಾವಾರ, ಅಕ್ಕನ್ನ ಕಳಸರಿ" ಎಂದ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಎನ್ನುವುದು. "ನೀವು ಡ್ಯೂಟಿಗಿ ಹೋಗ್ತೀರಿ. ಇಲ್ಲಿ ಯಾರದಾರ? ಅವ್ವ ದಿನಾ ಅಳಾಕತ್ತಾಳ."

"ದೊಡ್ಡ ದವಾಖಾನಿ ಇಲ್ಲೇ ಐತಿ" ಎಂದರು ಅಣ್ಣಾರು. "ಅಕಿ ಈಗ ಮಾತಾಡತಾಳ. ಇಲ್ಲೇ ಇರಲಿ."

ತಮ್ಮನು ಟಿವಿಯನ್ನೂ ವೈರುಗಳನ್ನೂ ಹೆಬ್ಬೆರಳಿಗೆ ಕಟ್ಟಿದ ಸ್ವಿಚ್ಚನ್ನೂ ನೋಡಿದ. ಅವನ ಮುಖ ಗಂಟಿಕ್ಕಿತು.

"ಇದು ಮಾತೇನ್ರಿ? ಬೆರಳು ನಡಗತೈತಿ, ನಿಮಗ ತಿಳದಂಗ ಓದಕೋತೀರಿ. ನಿಮಗ ಮೊದಲಿಂದ ಇದರ ಹುಚ್ಚು. ಈಗ ನಮ್ಮಕ್ಕನ್ನ ಹಿಡಕೊಂಡು ಆಟ ನಡಸೀರಿ."

ಅಣ್ಣಾರು ಎದ್ದು ನಿಂತರು. ಅವನೂ ಎದ್ದ. ಹೊಡೆದಾಟವೇ ಆಗುತ್ತದೆಂದು ನಾನು ಮಂಚಕ್ಕೆ ಅಡ್ಡ ಬಂದೆ. ತಮ್ಮನ ಹೆಂಡತಿ ಗಂಡನ ತೋಳು ಹಿಡಿದಳು. ವೈನಿ ಇಬ್ಬರ ನಡುವೆ ಮಲಗಿದ್ದರು, ರೆಪ್ಪೆ ಬಡಿಯುತ್ತ.

"ಅಕಿನ್ನೇ ಕೇಳು" ಎಂದರು ಅಣ್ಣಾರು ಕೊನೆಗೆ. "ನಾ ಖೋಲಿಯೊಳಗ ಇರಂಗಿಲ್ಲ. ಮಷೀನು ಮುಟ್ಟಂಗಿಲ್ಲ. ತಂಗಿ ಟೇಪು ಹಾಕತಾಳ. ಅಕಿ ಏನಂತಾಳೋ ಅದೇ ಆಗಲಿ."

ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ನಾನೊಬ್ಬಳೇ ಟೇಪು ಹಾಕಿದ್ದು ಅದೇ ಮೊದಲು. ಗುಂಡಿ ಒತ್ತಿದೆ, ಕಿರುಚಾಟ ಶುರುವಾಯಿತು, ಪಟ್ಟೆಗಳು ಓಡಿದವು. ಅರ್ಧಕ್ಕೆ ಬಂದಾಗ ಫ್ಯಾನು ನಿಂತಿತು, ಟಿವಿ ಕಪ್ಪಾಯಿತು. ಕರೆಂಟು ಹೋಗಿತ್ತು. ಸೆಕೆಗೆ ತಮ್ಮನ ಅಂಗಿ ಬೆನ್ನಿಗೆ ಅಂಟಿತ್ತು. ಅವನ ಹೆಂಡತಿ ವೈನಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಜೀಪಿನವನು ಹೊರಗೆ ಹಾರ್ನು ಬಾರಿಸಿದ. ಕೊನೆಗೆ ಕರೆಂಟು ಬಂತು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಕಿರುಚಾಟ ಕೊನೆಯವರೆಗೂ ಬಂತು, ಆದರೆ ಅಕ್ಷರಗಳ ಬದಲು ತಪ್ಪಾಗಿದೆ ಎಂಬ ಒಂದು ಸಾಲು ಮೂಡಿತು.

"ಸಾಕ್ ಬಿಡ್ರಿ" ಎಂದ ತಮ್ಮ.

ಬಾಗಿಲಾಚೆಯಿಂದ ಅಣ್ಣಾರ ಧ್ವನಿ ಬಂತು. "ಆವಾಜು ಜರಾ ಕಮ್ಮಿ ಮಾಡು, ತಂಗಿ. ಭಾಳ ಒದರಾಕತ್ತೈತಿ. ಮತ್ತ ಹಾಕು."

ಕಮ್ಮಿ ಮಾಡಿ ಹಾಕಿದೆ. ಅಕ್ಷರಗಳು ಮೂಡಿದವು.

ತಮ್ಮನು ಅಕ್ಕನ ಕಿವಿಯ ಹತ್ತಿರ ಬಗ್ಗಿದ. ಆದರೆ ನಮಗೆಲ್ಲ ಕೇಳುವಂತೆಯೇ ಕೇಳಿದ. "ಅಕ್ಕಾ, ನಾ ಸಣ್ಣಾಂವ ಇದ್ದಾಗ ಬಾವ್ಯಾಗ ಏನೋ ಒಗದಿದ್ದೆ. ಮಂಗ್ಯಾ ಒಯ್ತು ಅಂತ ಅಪ್ಪಗ ಸುಳ್ಳು ಹೇಳಿದ್ವಿ. ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಏನದು ಹೇಳು."

ಚೌಕ ಒಂದು ಸಾಲು ದಾಟಿತು, ಇನ್ನೊಂದು ಸಾಲಿಗೆ ಬಂತು. ಹೆಬ್ಬೆರಳು ಅಲುಗಲಿಲ್ಲ. ಕೊನೆಗೆ ಒತ್ತಿತು. ಚ. ಚೌಕ ಮತ್ತೆ ಮೊದಲಿನಿಂದ ಹೊರಟಿತು. ಆ. ನಾನು ಒಂದೊಂದೇ ಅಕ್ಷರವನ್ನು ಓದಿ ಹೇಳಿದೆ. ಳ. ಈ. ಅಷ್ಟಕ್ಕೇ ತಮ್ಮ ನೆಲಕ್ಕೆ ಕುಳಿತ. "ಚಾಳೀಸು" ಎಂದ. "ಅಪ್ಪನ ಚಾಳೀಸು." ಚಾಳೀಸೆಂದರೆ ಕನ್ನಡಕ. ಆ ದೊಡ್ಡ ಧ್ವನಿಯ ಮನುಷ್ಯ ಅಕ್ಕನ ಅಂಗೈಯಲ್ಲಿ ಮುಖ ಇಟ್ಟು ಅತ್ತ. ಹಿಂದೆ ನೋಡಲು ಬಂದಾಗ ಮಂಚದ ಪಕ್ಕ ನಿಂತು ತಾನೂ ಏನೇನು ಆಡಿದ್ದನೋ, ಅದೆಲ್ಲ ನೆನಪಾಗಿರಬೇಕು.

ನನಗೆ ಒಳಗೊಳಗೇ ಖುಷಿ. ಅಣ್ಣಾರು ಗೆದ್ದರು ಎಂದುಕೊಂಡೆ.

"ಈಗ ಹೇಳಕ್ಕಾ" ಎಂದ ತಮ್ಮ, ಕಣ್ಣೊರೆಸಿಕೊಂಡು. "ಇಲ್ಲೇ ಇರ್ತಿ, ಊರಿಗಿ ಬರ್ತಿ? ನೀ ಏನಂದ್ರೂ ನಾ ಒಪ್ಪತೀನಿ."

ಈ ಸಲ ಹೆಬ್ಬೆರಳು ತಡ ಮಾಡಲಿಲ್ಲ. ಊ. ರ.

ನಾನು ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ, ಕೋಣೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಹೊರಗಿದ್ದವರಿಗೆ ಮಾತ್ರ ಗೊತ್ತಿಲ್ಲ. "ಏನಂದ್ಲು?" ಎಂದು ಬಾಗಿಲಾಚೆಯಿಂದ ಕೇಳಿದರು. ಆಮೇಲೆ ತಾವೇ ಬಾಗಿಲು ತೆರೆದು ಬಂದರು. ಟಿವಿಯನ್ನು ನೋಡಿದರು.

ತಾವೇ ಕಟ್ಟಿದ ಯಂತ್ರ. ಅದು ತಪ್ಪು ಹೇಳುತ್ತಿದೆ ಎನ್ನಲು ಅವರಿಂದ ಆಗುವಂತಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಟಿವಿಗೆ ಬೆನ್ನು ಹಾಕಿ, ಹೆಂಡತಿಯ ಮುಖದ ಕಡೆ ತಿರುಗಿ ಕುಳಿತದ್ದು ನನಗೆ ಚೆನ್ನಾಗಿ ನೆನಪಿದೆ.

"ಇಲ್ಲಿ ನಿನಗ ಏನು ಕಮ್ಮಿ ಆತು?" ಎಂದು ಕೇಳಿದರು.

ಅವರ ಬೆನ್ನ ಹಿಂದೆ ಚೌಕ ಸರಿಯುತ್ತಿತ್ತು. ವೈನಿ ಆರಿಸಿದ್ದನ್ನು ನಾನೇ ಓದಿ ಹೇಳಬೇಕಾಯಿತು. "ಮ. ಆ. ತ. ಉ."

"ಮಾತು" ಎಂದೆ.

ಹಗಲೆಲ್ಲ ತೆಲುಗಿನ ಆಯಾ. ಸಂಜೆಯಾದರೆ ಗಂಡ ಬಂದು ಟಿವಿಯ ಮುಂದೆ ಬೆನ್ನು ತೋರಿಸಿ ಕುಳಿತು ಕುಟ್ಟುವುದು. ವೈನಿಗೆ ಮಾತು ತಂದುಕೊಡಲು ಅಣ್ಣಾರು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಯಾವ ದಿನವೂ ಹೆಂಡತಿಯೊಡನೆ ಕುಳಿತು ಇವತ್ತು ಮಳೆ ಬಂತು, ಗಾಡಿ ತಡವಾಯಿತು ಎಂದು ಹೇಳಿದ್ದು ಕೇಳಿರಲಿಲ್ಲ. ಸೇಡಂನ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೆಂಗಸರ ಮಾತು ನಿಲ್ಲುವುದಿಲ್ಲ. ವೈನಿಗೆ ಬೇಕಾದದ್ದು ಅದು.

ಅಣ್ಣಾರು ಎದ್ದು, ಟಿವಿಯ ವೈರು ಬಿಚ್ಚತೊಡಗಿದರು. ತಮ್ಮನಿಗೆ ಗಾಬರಿಯಾಯಿತು. "ಮಾವಾರ, ಸಿಟ್ಟಾಗಬ್ಯಾಡ್ರಿ."

"ಸಿಟ್ಟಲ್ಲೋ. ಇದೂ ಜೀಪಿನ್ಯಾಗ ಹೋಗಬೇಕು. ಅಲ್ಲಿ ತಲೆಪಿನ್ನು ಚುಚ್ಚಿದ್ರ ನಿನಗ ಯಾರು ಹೇಳಬೇಕು?"

ರಜೆ ಹಾಕಿ ಜೊತೆಗೆ ಹೋಗಿ, ತಮ್ಮನ ಹೆಂಡತಿಗೆ ಟೇಪು ಹಾಕುವುದನ್ನು ಕಲಿಸಿ ಬಂದರು. ಆಮೇಲೆ ವಾರದ ರಜೆ ಬಂತೆಂದರೆ ಸಿಕಂದರಾಬಾದಿನಿಂದ ಸೇಡಂ ಗಾಡಿ ಹತ್ತುತ್ತಿದ್ದರು. ಶುರುವಿನಲ್ಲಿ ನನ್ನ ಬಳಿ ಬಂದು, "ಏನು ಮಾತಾಡಬೇಕು, ತಂಗಿ? ಎರಡು ಮಾತಿಗಿ ಮುಗದ ಹೋಗತೈತಿ" ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಕೂಡುವವರ ಹಾಗೆ ಹೆದರುತ್ತಿದ್ದರು. ಬೀದಿಯ ಸುದ್ದಿ ಹೇಳ್ರಿ, ಎಂದೆ. ಅದಕ್ಕಾಗಿ ಅವರು ಬೀದಿಯನ್ನು ನೋಡಲು ಕಲಿತರು. ಯಾರ ಮನೆಯಲ್ಲಿ ಬಾಣಂತಿ, ಯಾರ ಬಾಡಿಗೆದಾರ ಓಡಿಹೋದ, ತರಕಾರಿಯವಳ ಕಾಲುನೋವು ಹೇಗಿದೆ. ಅವರು ಮೊದಲ ಸಲ ಮಾತಾಡಿಸಿದಾಗ ತರಕಾರಿಯವಳು ಗಾಬರಿಯಾಗಿ ತಕ್ಕಡಿ ಕೆಳಗಿಟ್ಟಳಂತೆ.

ಒಮ್ಮೆ ನಾನೂ ಅವರ ಜೊತೆ ಸೇಡಂಗೆ ಹೋಗಿದ್ದೆ. ಅಂಗಳದಲ್ಲಿ ವೈನಿಯ ಮಂಚ, ಸುತ್ತ ಹೆಂಗಸರು ತೊಗರಿ ಕೇರುತ್ತಿದ್ದರು. ಅಣ್ಣಾರು ನಡುವೆ ಕುಳಿತು ಕೈ ಬೀಸಿ ಬೀಸಿ, ಬೇಗಂಪೇಟೆಯಲ್ಲಿ ಎಮ್ಮೆಯೊಂದು ಹಳಿಯ ಮೇಲೆ ನಿಂತು ಗಾಡಿ ತಡೆದ ಕಥೆ ಹೇಳುತ್ತಿದ್ದರು. ಹೆಂಗಸರು ಮೊರ ಬಿಟ್ಟು ನಗುತ್ತಿದ್ದರು. ವೈನಿಯ ಮುಖ ಎಂದಿನಂತೆಯೇ ಇತ್ತು, ಹೆಬ್ಬೆರಳು ಮಾತ್ರ ಸ್ವಿಚ್ಚಿನ ಮೇಲೆ ಬಡಿಯುತ್ತಿತ್ತು. ಟಿವಿ ಹಚ್ಚಿರಲಿಲ್ಲ. ಅದು ನಗು ಎಂದು ತಮ್ಮನ ಹೆಂಡತಿ ನನಗೆ ಹೇಳಿದಳು.

ವೈನಿ ಕೆಲವು ವರ್ಷ ಹಾಗೆ ಬದುಕಿದರು. ಅವರು ಹೋದ ಮೇಲೂ ಅಣ್ಣಾರು ಸೇಡಂಗೆ ಹೋಗುವುದು ಬಿಡಲಿಲ್ಲ. ಕಿವಿ ಮಂದವಾಗಿದ್ದ ಅತ್ತೆಗೆ ಊರೆಲ್ಲ ಕೇಳುವಂತೆ ಕೂಗಿ ಸುದ್ದಿ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಮಲ್ಕಾಜ್‌ಗಿರಿಯಲ್ಲೇ ಸಣ್ಣ ಫ್ಲಾಟಿನಲ್ಲಿದ್ದರು. ಅಲ್ಲಿಯ ವಾಚ್‌ಮನ್, ಹಾಲಿನವನು, ಕೆಲಸದ ಹುಡುಗಿಯರು, ಎಲ್ಲರಿಗೂ ಅವರು ಮಾತಿನ ತಾತ.

ಹೋದ ಚಳಿಗಾಲದಲ್ಲಿ ನೋಡಲು ಹೋಗಿದ್ದೆ. ಮಧ್ಯಾಹ್ನವೆಲ್ಲ ಮಾತಾಡಿದರು. ಹೊರಡುವಾಗ, ಇಷ್ಟು ವರ್ಷ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟೆ.

"ಅಣ್ಣಾರ, ಅವತ್ತು ವೈನಿ ಇಲ್ಲೇ ಇರ್ತೀನಿ ಅಂದಿದ್ರ ಏನಾಗ್ತಿತ್ತು?"

ಅವರು ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ನಿಂತು ಯೋಚಿಸಿದರು. ಅವರು ಹಾಗೆ ಸುಮ್ಮನಾದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

"ಏನಾಗ್ತಿತ್ತು" ಎಂದರು. "ನಾ ಮತ್ತೊಂದು ಪ್ರೋಗ್ರಾಮು ಬರಕೋತ ಕುಂದರತಿದ್ದೆ, ತಂಗಿ."